ದಿನಸಿ ಚೀಟಿಯಿಂದ ಶುರುಮಾಡಿ: ಮೈಗೂ ಭೂಮಿಗೂ ಒಗ್ಗುವ ಊಟ

ಊಟ ಮತ್ತು ಹವಾಮಾನ ಅಂದ ಕೂಡಲೇ ಮಾತು ಸಸ್ಯಾಹಾರ ಮೇಲೋ ಮಾಂಸಾಹಾರ ಮೇಲೋ ಅನ್ನುವ ಜಗಳಕ್ಕೆ ಹೋಗಿಬಿಡುತ್ತದೆ. ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ತಟ್ಟೆಯಲ್ಲಿ ದೊಡ್ಡ ರಾಶಿ ಬಿಳಿ ಅನ್ನದ್ದು. ಅದಕ್ಕೆ ತಿಳಿಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ. ಅನ್ನ ಸ್ವಲ್ಪ ಇಳಿಸಿ, ಆ ಜಾಗಕ್ಕೆ ರಾಗಿಯನ್ನೋ ಜೋಳವನ್ನೋ ತಂದು, ಕಾಳು ಎರಡು ಪಟ್ಟು ಮಾಡಿದರೆ ಊಟದ ಸತ್ವ ಏರುತ್ತದೆ, ವಾತಾವರಣಕ್ಕೆ ಸೇರಿ ಭೂಮಿಯನ್ನು ಬಿಸಿಮಾಡುವ ಅನಿಲ ಇಳಿಯುತ್ತದೆ. ಒಂದೇ ಬದಲಾವಣೆಯಿಂದ ಎರಡೂ ಕಡೆ ಲಾಭ ಸಿಗುವುದು ಅಪರೂಪ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಇದು ಹೊಟ್ಟೆ ತುಂಬ ಊಟ ಇರುವವರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮಗುವಿಗೆ ಕೊಡುವ ಮೊಟ್ಟೆ, ಬಸುರಿ ಕುಡಿಯುವ ಹಾಲು ಇಂಥವನ್ನು ಹವಾಮಾನದ ಹೆಸರಲ್ಲಿ ಕಡಿಮೆ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಹೆಜ್ಜೆ 1: ತಿಂಗಳ ಚೀಟಿ ಬರೆಯಿರಿ

ಹೋದ ತಿಂಗಳು ಮನೆಗೆ ಬಂದ ಅಕ್ಕಿ, ಹಿಟ್ಟು, ರವೆ, ಬೇಳೆ, ಕಾಳು, ಎಣ್ಣೆ, ಹಾಲು, ಮೊಟ್ಟೆ, ಮಾಂಸ ಎಷ್ಟು ಅಂತ ಬರೆದುಕೊಳ್ಳಿ. ಅಂಗಡಿ ಬಿಲ್ಲು ಇದ್ದರೆ ಸುಲಭ. ಇಲ್ಲದಿದ್ದರೆ ಅಂದಾಜು ಸಾಕು. ಆಮೇಲೆ ಒಂದೊಂದನ್ನೂ ಮನೆಯ ಜನರ ಸಂಖ್ಯೆಯಿಂದ ಭಾಗಿಸಿ, ಅದನ್ನು 30ರಿಂದ ಭಾಗಿಸಿ. ಒಬ್ಬರಿಗೆ ದಿನಕ್ಕೆ ಎಷ್ಟು ಅಂತ ಸಿಗುತ್ತದೆ.

ನಾಲ್ಕು ಜನರ ಒಂದು ಮನೆ ಅಂತ ಇಟ್ಟುಕೊಳ್ಳೋಣ. ಅಕ್ಕಿ 25 ಕಿಲೋ. ಗೋಧಿ ಹಿಟ್ಟು, ರವೆ, ರಾಗಿ ಹಿಟ್ಟು ಎಲ್ಲ ಸೇರಿ 8 ಕಿಲೋ. ಬೇಳೆಕಾಳು 3 ಕಿಲೋ. ಎಣ್ಣೆ 4 ಲೀಟರ್. ಹಾಲು ದಿನಕ್ಕೆ ಒಂದು ಲೀಟರ್. ಮೊಟ್ಟೆ 30, ಕೋಳಿ 2 ಕಿಲೋ, ಮಟನ್ 1 ಕಿಲೋ. ಬಹಳ ಮನೆಗಳ ಚೀಟಿ ಇದರ ಆಸುಪಾಸಿನಲ್ಲೇ ಇರುತ್ತದೆ, ಅಲ್ವಾ?

ಇದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪಕ್ಕ ಇಟ್ಟು ನೋಡಿ. ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರಿಗೆ ಅದು ಹೇಳುವುದು ಇಷ್ಟು: ಅಕ್ಕಿ, ರಾಗಿ, ಗೋಧಿ ಇತ್ಯಾದಿ ಧಾನ್ಯ ಎಲ್ಲ ಸೇರಿ 250 ಗ್ರಾಂ. ಬೇಳೆಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ. ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ. ಎಣ್ಣೆ 27 ಗ್ರಾಂ, ಕಡಲೆಬೀಜ, ಎಳ್ಳಿನಂಥವು 35 ಗ್ರಾಂ.

ನಮ್ಮ ಚೀಟಿಯ ಮನೆಯಲ್ಲಿ ಧಾನ್ಯ 275 ಗ್ರಾಂ ಆಗುತ್ತದೆ. ಅದರಲ್ಲಿ ಅಕ್ಕಿಯೇ 208. ಬೇಳೆಕಾಳು ಬರೀ 25 ಗ್ರಾಂ! ಮೂಳೆ ಕಳೆದು ಮಾಂಸ, ಮೊಟ್ಟೆ ಸೇರಿಸಿದರೂ 55 ಗ್ರಾಂ ದಾಟುವುದಿಲ್ಲ. ಹಾಲು 250 ಮಿಲಿ, ಅಂದರೆ ಹಾಲು ಇಲ್ಲಿ ಜಾಸ್ತಿಯಾಗಿಲ್ಲ. ಎಣ್ಣೆ ಸ್ವಲ್ಪ ಜಾಸ್ತಿ. ಕೊರತೆ ಎದ್ದು ಕಾಣುವುದು ಕಾಳಿನಲ್ಲಿ.

ಹೆಜ್ಜೆ 2: ಅದೇ ಚೀಟಿಗೆ ಅನಿಲದ ಲೆಕ್ಕ ಹಾಕಿ

ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಅನ್ನುವ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ, ಫಾರಂಗಳ ಲೆಕ್ಕ ಒಟ್ಟು ಮಾಡಿ 2018ರಲ್ಲಿ ಪ್ರಕಟಿಸಿದರು. ಭೂಮಿಯನ್ನು ಬಿಸಿಮಾಡುವ ಈ ಅನಿಲಗಳಿಗೆ ಹಸಿರುಮನೆ ಅನಿಲ ಅನ್ನುತ್ತಾರೆ; ಜಗತ್ತಿನ ಹಸಿರುಮನೆ ಅನಿಲದಲ್ಲಿ ನೂರಕ್ಕೆ 26 ಭಾಗ ಆಹಾರದಿಂದಲೇ ಬರುತ್ತದೆ ಅಂತ ಅವರ ಅಂದಾಜು. ಮೀಥೇನ್, ನೈಟ್ರಸ್ ಆಕ್ಸೈಡ್ ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದರೆ, ಒಂದು ಕಿಲೋ ಪದಾರ್ಥಕ್ಕೆ ಜಾಗತಿಕ ಸರಾಸರಿ ಹೀಗಿದೆ: ಗೋಧಿ 1.6 ಕಿಲೋ, ಅಕ್ಕಿ 4.5, ಬೇಳೆಕಾಳು 1ರಿಂದ 2, ಹಾಲು 3ಕ್ಕೆ ಸ್ವಲ್ಪ ಮೇಲೆ, ಮೊಟ್ಟೆ 4.7, ಕೋಳಿ ಸುಮಾರು 10, ಕುರಿ ಮಾಂಸ ಸುಮಾರು 40. ದನದ ಮಾಂಸ ಅದಕ್ಕೂ ಮೇಲೆ ಹೋಗಬಹುದು. ರಾಗಿ, ಜೋಳಕ್ಕೆ ಗೋಧಿಯ ಲೆಕ್ಕವನ್ನೇ ಹಿಡಿಯಿರಿ. ಅವೂ ನೀರು ನಿಲ್ಲಿಸದೆ ಬೆಳೆಯುವ ಬೆಳೆಗಳೇ. ಊರಿಂದ ಊರಿಗೆ, ಹೊಲದಿಂದ ಹೊಲಕ್ಕೆ ಈ ಸಂಖ್ಯೆ ಬದಲಾಗುತ್ತದೆ. ಆದರೂ ಯಾವುದು ಭಾರ, ಯಾವುದು ಹಗುರ ಅಂತ ತಿಳಿಯಲು ಇಷ್ಟು ಸಾಕು.

ಗುಣಿಸಿ ನೋಡಿ. 25 ಕಿಲೋ ಅಕ್ಕಿಗೆ 112 ಕಿಲೋ ಅನಿಲ. 30 ಲೀಟರ್ ಹಾಲಿಗೆ 95. ಒಂದೇ ಕಿಲೋ ಮಟನ್‌ಗೆ 40. ಎರಡು ಕಿಲೋ ಕೋಳಿಗೆ 20, 30 ಮೊಟ್ಟೆಗೆ ಬರೀ 7. ಮೂರು ಕಿಲೋ ಬೇಳೆಗೆ 5ರ ಆಸುಪಾಸು ಅಷ್ಟೇ. ಅಡುಗೆ ಗ್ಯಾಸ್‌ನ 14.2 ಕಿಲೋ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋ.

ಇಲ್ಲಿ ಎರಡು ವಿಷಯ ಗಮನಿಸಿ. ಅಕ್ಕಿ ಕಿಲೋ ಲೆಕ್ಕದಲ್ಲಿ ಅಂಥ ಭಾರ ಅಲ್ಲ. ನಾವು ತಿನ್ನುವ ಪ್ರಮಾಣದಿಂದ ಅದು ಮೊದಲ ಸ್ಥಾನಕ್ಕೆ ಬಂದಿದೆ. ಮಟನ್ ಪ್ರಮಾಣ ಚಿಕ್ಕದು, ಆದರೆ ಒಂದು ಕಿಲೋ ಮಟನ್ ಒಂಬತ್ತು ಕಿಲೋ ಅಕ್ಕಿಗೆ ಸಮ.

ಹೆಜ್ಜೆ 3: ಅಕ್ಕಿಯ ಮೂರನೇ ಒಂದು ಭಾಗ ರಾಗಿಗೆ, ಜೋಳಕ್ಕೆ, ಕಾಳಿಗೆ ಬಿಟ್ಟುಕೊಡಿ

ಅಕ್ಕಿ ಯಾಕೆ ಭಾರ? ಭತ್ತದ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ನೀರಿನ ಕೆಳಗಿನ ಕೆಸರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯುವ ಬೇರು, ಹುಲ್ಲು ತಿಂದು ಮೀಥೇನ್ ಬಿಡುತ್ತವೆ. ಆ ಅನಿಲ ಭತ್ತದ ಕಾಂಡದೊಳಗಿಂದಲೇ ಮೇಲೆ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟಿನ ಆಸುಪಾಸು. ಗದ್ದೆಗೆ ನೀರು ಕಟ್ಟುವುದು, ಒಣಗಲು ಬಿಡುವುದು, ಮತ್ತೆ ಕಟ್ಟುವುದು ಮಾಡಿದರೆ ಮೀಥೇನ್ ಅರ್ಧದಷ್ಟು ಇಳಿಯಬಲ್ಲದು. ರೈತರಿಗೆ ನೀರೂ ಉಳಿಯುತ್ತದೆ. ಅಂಗಡಿಯ ಮೂಟೆ ನೋಡಿ ಅದು ಯಾವ ಗದ್ದೆಯದು ಅಂತ ಹೇಳಲಾಗುವುದಿಲ್ಲವಾದ್ದರಿಂದ ನಮ್ಮ ಕೈಯಲ್ಲಿರುವುದು ಪ್ರಮಾಣ ಮಾತ್ರ.

ರಾಗಿ ಬಹುಪಾಲು ಮಳೆ ನಂಬಿದ ಹೊಲದಲ್ಲಿ ಬೆಳೆಯುತ್ತದೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ರಾಜ್ಯದ್ದೇ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಪ್ರೋಟೀನ್ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ರಾಗಿ ತಿಂದರೆ ಪ್ರೋಟೀನ್ ಬಂತು ಅಂದುಕೊಳ್ಳಬೇಡಿ. ಅದಕ್ಕೆ ಕಾಳೇ ಬೇಕು.

ಮುದ್ದೆ ಅಭ್ಯಾಸ ಇಲ್ಲದ ಮನೆಯಲ್ಲಿ ಮೊದಲ ದಿನವೇ ಮುದ್ದೆಗೆ ಕೈ ಹಾಕಬೇಡಿ. ದೋಸೆ ಹಿಟ್ಟಿನಿಂದ ಶುರುಮಾಡಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ಹಾಕುವವರು ಅಕ್ಕಿಯನ್ನು ಒಂದೂವರೆಗೆ ಇಳಿಸಿ, ಒಂದೂವರೆ ಲೋಟ ರಾಗಿ ಹಿಟ್ಟನ್ನು ರುಬ್ಬಿದ ಮೇಲೆ ಕಲಸಿ ಹುದುಗಲು ಬಿಡಿ. ಬಣ್ಣ ಕಂದು, ರುಚಿ ಚೆನ್ನ. ರಾಗಿರೊಟ್ಟಿ ಎರಡನೆಯದು. ಈರುಳ್ಳಿ, ನುಗ್ಗೆಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಬಾಣಲೆಗೇ ತಟ್ಟಿ.

ಮುದ್ದೆಗೆ ಬಂದಾಗ ಗಂಟು ಬರುವುದೇ ಎಲ್ಲರ ಭಯ. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ ಕುದಿಸಿ. ತೆಳು ಗಂಜಿಯ ಹಾಗೆ ಆಗುತ್ತದೆ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಮುದ್ದೆ ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ. ಆಗಲೇ ತಿರುವಬೇಡಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಆ ತೂತಿನಿಂದ ಕುದಿ ಉಕ್ಕುತ್ತಾ ಹಿಟ್ಟು ಬೇಯಲಿ. ಆಮೇಲೆ ಕೋಲು ಹಿಡಿದು ಗಟ್ಟಿಯಾಗಿ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿ. ಹಿಟ್ಟು ಬೇಯದೆ ತಿರುವಿದ್ದೇ ಹೆಚ್ಚಿನವರ ಗಂಟಿಗೆ ಕಾರಣ.

ಸಕ್ಕರೆ ಕಾಯಿಲೆ ಇರುವವರು ಒಂದು ಮಾತು ನೆನಪಿಡಿ. ರಾಗಿಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ತಿಂದರೆ ಸಕ್ಕರೆ ಏರುತ್ತದೆ. ಒಂದು ಚಿಕ್ಕ ಮುದ್ದೆ, ಜೊತೆಗೆ ಗಟ್ಟಿ ಕಾಳುಸಾರು ಅಂತ ಇಟ್ಟುಕೊಳ್ಳಿ. ಇನ್ನು, ಹೆಸರಲ್ಲಿ ರಾಗಿ ಇರುವ ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನು ಓದಿ. ಮೈದಾ, ಸಕ್ಕರೆ ಮೊದಲು ಬಂದರೆ ಅದು ಮೈದಾ ಬಿಸ್ಕತ್ತೇ.

ಉತ್ತರ ಕರ್ನಾಟಕದವರಿಗೆ ನಾನು ಹೇಳುವುದು ಬಹಳ ಇಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಚಟ್ನಿಪುಡಿ, ಶೇಂಗಾ, ಮೊಸರು ಇರುವ ತಟ್ಟೆಗಿಂತ ಒಳ್ಳೆಯದನ್ನು ಹುಡುಕುವುದು ಕಷ್ಟ. ಊರು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ರಾತ್ರಿ ಊಟ ಅನ್ನಕ್ಕೆ ತಿರುಗಿದ್ದರೆ ಅದನ್ನು ಮತ್ತೆ ರೊಟ್ಟಿಗೆ ತನ್ನಿ. ಒಂದೇ ದಿನ ಜಾಸ್ತಿ ತಟ್ಟಿ ಕಟಕ ರೊಟ್ಟಿ ಮಾಡಿಟ್ಟರೆ ವಾರ ಪೂರ್ತಿ ಆಗುತ್ತದೆ. ಕರಾವಳಿಯವರು ಕುಚ್ಚಲಕ್ಕಿ ಬಿಡಬೇಕಿಲ್ಲ. ಭತ್ತ ಕುದಿಸುವಾಗ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುವುದರಿಂದ ಅದು ಕುದಿಸದ ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದು. ಮೀಥೇನ್ ಲೆಕ್ಕ ಮಾತ್ರ ಎರಡಕ್ಕೂ ಒಂದೇ, ಹಾಗಾಗಿ ಪ್ರಮಾಣ ನೋಡಿಕೊಳ್ಳಿ.

ಹೆಜ್ಜೆ 4: ಕಾಳು ಎರಡು ಪಟ್ಟು ಮಾಡಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ಇಡುತ್ತೇನೆ ಅನ್ನುವವರು ಇದನ್ನು ಇಡಿ. ತೊಗರಿ, ಹುರುಳಿ, ಅವರೆ, ಅಲಸಂದೆ, ಹೆಸರು ಯಾವುದೇ ಇರಲಿ, ನೂರು ಗ್ರಾಂ ಒಣಕಾಳಿನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಧಾನ್ಯದಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಾಳಿನಲ್ಲಿ ಸಾಕಷ್ಟಿದೆ. ಹಾಗಾಗಿ ಮುದ್ದೆ ಮತ್ತು ಕಾಳುಸಾರು ಒಂದನ್ನೊಂದು ತುಂಬಿಕೊಳ್ಳುತ್ತವೆ. ಹೊಲದಲ್ಲೂ ಹಾಗೇ. ಕಾಳಿನ ಗಿಡದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಯೂರಿಯಾ ಕಮ್ಮಿ ಸಾಕು. ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ ಬೇಕು, ಹೊಲಕ್ಕೆ ಹಾಕಿದ ಮೇಲೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟು ಬಿಸಿ ಹಿಡಿಯುವ ಅನಿಲ. ಹಳೇ ಮೈಸೂರು ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸೇರಿಸಿ ಬಿತ್ತುವ ಅಕ್ಕಡಿ ಸಾಲು ನೋಡಿದರೆ, ಊಟದ ಜೋಡಿ ಹೊಲದಲ್ಲೇ ಆಗಿರುವುದು ಕಾಣುತ್ತದೆ. ಆ ಪದ್ಧತಿ ಉಳಿಯಬೇಕಾದರೆ ಅವರೆ, ಹುಚ್ಚೆಳ್ಳು ಕೊಳ್ಳುವವರು ಬೇಕು.

ದಿನಕ್ಕೆ ಒಬ್ಬರಿಗೆ ಎರಡು ಹಿಡಿ ಒಣ ಕಾಳು ಅಥವಾ ಬೇಳೆ ಅಂತ ಅಳತೆ ಇಟ್ಟುಕೊಳ್ಳಿ. ಒಂದು ಹಿಡಿ 30 ಗ್ರಾಂ ಸುಮಾರು ಬರುತ್ತದೆ. ನಿಮ್ಮ ಕೈಯಲ್ಲಿ ಎಷ್ಟು ಅಂತ ಒಮ್ಮೆ ತೂಗಿ ನೋಡಿ. ಒಂದು ಹಿಡಿ ಸಾರಿಗೆ, ಇನ್ನೊಂದು ತಿಂಡಿಗೆ ಅಥವಾ ಪಲ್ಯಕ್ಕೆ: ಹೆಸರುಬೇಳೆ ಕೋಸಂಬರಿ, ಕಡಲೆಕಾಳು ಉಸಲಿ, ಹೆಸರುಕಾಳಿನ ದೋಸೆ, ಮೊಳಕೆ ಹುರುಳಿ ಸಾರು. ಉಪ್ಪಿಟ್ಟಿಗೂ ಒಂದು ಹಿಡಿ ಬೆಂದ ಅವರೆಕಾಳು ಬೀಳಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಸ್ಸಾರು. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ. ರಾತ್ರಿ ನೆನೆಸಿದ ಅಲಸಂದೆಯನ್ನು ಬೇಯಲು ಇಡಿ. ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಹಾಕಿ. ಬೆಂದ ಮೇಲೆ ನೀರು ಬಸಿದು ಕಟ್ಟು ಎತ್ತಿಟ್ಟುಕೊಳ್ಳಿ. ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಪಲ್ಯ ಆಯಿತು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಹುಣಸೆ, ಕಾಯಿ, ಒಂದು ಹಿಡಿ ಬೆಂದ ಕಾಳು ಸೊಪ್ಪಿನ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಬೇಯುವಾಗ ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗದೆ ತಟ್ಟೆಗೇ ಬರುತ್ತದೆ. ಹೊಟ್ಟೆ ಉಬ್ಬರ ಬರುವವರು ನೆನೆಸಿದ ನೀರು ಚೆಲ್ಲಿ, ಬೇಯಿಸಿದ ನೀರು ಮಾತ್ರ ಚೆಲ್ಲಬೇಡಿ.

ಹೆಜ್ಜೆ 5: ಹಾಲು, ಮೊಟ್ಟೆ, ಮೀನು, ಮಾಂಸ

ಮೆಲುಕು ಹಾಕುವ ಪ್ರಾಣಿಗಳು ಹುಲ್ಲು ಜೀರ್ಣಿಸುವಾಗ ಮೀಥೇನ್ ತೇಗುತ್ತವೆ. ದನ, ಎಮ್ಮೆ, ಕುರಿ, ಮೇಕೆ ಎಲ್ಲವೂ. ಕೋಳಿಗೆ ಆ ತೊಂದರೆ ಇಲ್ಲ. ಇದೊಂದು ತಿಳಿದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ.

ವರ್ಷತೊಡಕಿನ ಬಾಡೂಟ ಬಿಡಿ ಅಂತ ನಾನು ಹೇಳುವುದಿಲ್ಲ. ವಾರವಾರದ ಮಟನ್‌ನಲ್ಲಿ ಅರ್ಧವನ್ನು ಮೊಟ್ಟೆಗೆ, ಕೋಳಿಗೆ, ಮೀನಿಗೆ ತಿರುಗಿಸಿ. ಬೂತಾಯಿ, ಬಂಗುಡೆ ಸಿಗುವ ಕಡೆ ಅವೇ ಮೊದಲ ಆಯ್ಕೆ. ಬೆಲೆ ಕಮ್ಮಿ, ಒಮೆಗಾ–3 ಕೊಬ್ಬು ಇದೆ, ಬಿ12 ಜೀವಸತ್ವ ಇದೆ. ಬೂತಾಯಿಯ ಮೆತ್ತಗಿನ ಮುಳ್ಳು ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳು ಮೊಟ್ಟೆ, ಒಣಮೀನು ನೋಡಿಕೊಳ್ಳಿ. ಕೊಳದಲ್ಲಿ ಸಾಕಿದ ಸಿಗಡಿ ಕೋಳಿಗಿಂತ ಬಹಳ ಭಾರ.

ಸಸ್ಯಾಹಾರಿಗಳು ಪನೀರ್ ಬಗ್ಗೆ ಯೋಚಿಸಬೇಕು. ಒಂದು ಕಿಲೋ ಪನೀರ್‌ಗೆ ಐದಾರು ಲೀಟರ್ ಹಾಲು ಬೇಕು. ಅನಿಲದ ಲೆಕ್ಕ 15 ಕಿಲೋ ದಾಟುತ್ತದೆ, ಕೋಳಿಗಿಂತ ಜಾಸ್ತಿ. ಮನೆಯಲ್ಲಿ ಹಾಲು, ಮೊಸರು ಇರಲಿ. ಪನೀರ್ ಹಬ್ಬಕ್ಕೆ, ನೆಂಟರಿಗೆ ಸಾಕು. ಹಾಲನ್ನೂ ಪೂರ್ತಿ ಬಿಡುವವರು ಬಿ12 ಮಾತ್ರೆಯ ಬಗ್ಗೆ ವೈದ್ಯರ ಹತ್ತಿರ ಮಾತಾಡಲೇಬೇಕು. ಕಾಳು ಸೊಪ್ಪಿನಲ್ಲಿ ಅದು ಸಿಗುವುದಿಲ್ಲ.

ಹೆಜ್ಜೆ 6: ಸೊಪ್ಪು, ತರಕಾರಿ, ಹಣ್ಣು

ಇವು ಹಗುರ, ಹೆದರದೆ ತಿನ್ನಿ. ದೂರದಿಂದ ಬಂದದ್ದೆಲ್ಲ ಕೆಟ್ಟದ್ದು ಅನ್ನುವುದು ಸರಿಯಲ್ಲ. ಆಹಾರದ ಒಟ್ಟು ಅನಿಲದಲ್ಲಿ ಸಾಗಾಟದ ಪಾಲು ನೂರಕ್ಕೆ 6 ಮಾತ್ರ. ವಿಮಾನದಲ್ಲಿ ಬರುವ ಹಣ್ಣಷ್ಟೇ ತೊಂದರೆ. ಆದರೂ ದುಬಾರಿ ವಿದೇಶಿ ಹಣ್ಣಿಗೆ ಹಾಕುವ ದುಡ್ಡಿಗೆ ಸೀಬೆಕಾಯಿ ತನ್ನಿ. ಅದರಲ್ಲಿ ಕಿತ್ತಳೆಗಿಂತ ನಾಲ್ಕೈದು ಪಟ್ಟು ಸಿ ಜೀವಸತ್ವ ಇದೆ.

ಈ ಸಿ ಜೀವಸತ್ವಕ್ಕೂ ರಕ್ತಹೀನತೆಗೂ ನೇರ ಸಂಬಂಧ ಇದೆ. ಕಾಳು, ಸೊಪ್ಪು, ರಾಗಿಯ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಊಟದ ಜೊತೆ ನಿಂಬೆರಸ, ನೆಲ್ಲಿಕಾಯಿ, ಸೀಬೆ ಇದ್ದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಕಾಫಿ ಒಂದು ಗಂಟೆ ತಡವಾಗಲಿ. ಪಲ್ಯದ ಮೇಲೆ ನಿಂಬೆಹೋಳು ಹಿಂಡುವುದನ್ನು ಇಳಿಸಿದ ಮೇಲೆ ಮಾಡಿ, ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ.

ಹೆಜ್ಜೆ 7: ಒಲೆ ಮತ್ತು ಉಳಿಕೆ

ಕಾಳು ಜಾಸ್ತಿ ಮಾಡಿದಾಗ ಗ್ಯಾಸ್ ಜಾಸ್ತಿ ಉರಿಯಬಾರದು. ಎಂಟು ಗಂಟೆ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿ. ಮೊದಲ ಸೀಟಿ ಬಂದ ಕೂಡಲೇ ಉರಿ ಸಣ್ಣ ಮಾಡಿ. ಎರಡು ದಿನಕ್ಕೆ ಆಗುವಷ್ಟು ಒಟ್ಟಿಗೆ ಬೇಯಿಸಿ ಫ್ರಿಜ್‌ನಲ್ಲಿಡಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಹಾಳಾಗುತ್ತದೆ. ಅದು ಕಸದ ಗುಡ್ಡದ ಅಡಿಯಲ್ಲಿ ಗಾಳಿ ಇಲ್ಲದೆ ಕೊಳೆತು ಮತ್ತೆ ಮೀಥೇನ್ ಆಗುತ್ತದೆ. ಅನ್ನ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ, ಬೆಳಗ್ಗೆ ಚಿತ್ರಾನ್ನ ಮಾಡಿ. ಮುದ್ದೆ ಉಳಿದರೆ ಮಜ್ಜಿಗೆಯಲ್ಲಿ ಕಿವುಚಿ ಉಪ್ಪು, ಈರುಳ್ಳಿ ಹಾಕಿ ಕುಡಿಯಿರಿ. ಸಿಪ್ಪೆ, ದಂಟನ್ನು ಗಾಳಿಯಾಡುವ ಕುಂಡದಲ್ಲಿ ಗೊಬ್ಬರ ಮಾಡಿ.

ಹೆಜ್ಜೆ 8: ಹೊಸ ಚೀಟಿ

ಈಗ ಅದೇ ಮನೆಯ ಚೀಟಿ ತಿದ್ದೋಣ. ಅಕ್ಕಿ 25ರಿಂದ 17ಕ್ಕೆ. ರಾಗಿ, ಜೋಳ 5 ಕಿಲೋ ಜಾಸ್ತಿ. ಬೇಳೆಕಾಳು 3ರಿಂದ 7ಕ್ಕೆ. ಮಟನ್ ಅರ್ಧ ಕಿಲೋ. ಹಾಲು, ಮೊಟ್ಟೆ, ಕೋಳಿ ಇದ್ದ ಹಾಗೇ. ಎಣ್ಣೆ ಮೂರು ಲೀಟರ್ ಚಿಲ್ಲರೆ.

ಧಾನ್ಯ ಸರಿಯಾಗಿ ದಿನಕ್ಕೆ 250 ಗ್ರಾಂಗೆ ಬಂತು. ಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ. ಹೆಚ್ಚಿನ 5 ಕಿಲೋ ಪೂರ್ತಿ ರಾಗಿಯೇ ಆದರೆ ಅದೊಂದರಿಂದಲೇ ಒಬ್ಬೊಬ್ಬರಿಗೆ ದಿನಕ್ಕೆ 150 ಮಿಲಿಗ್ರಾಂ ಕ್ಯಾಲ್ಸಿಯಂ ಸೇರುತ್ತದೆ. ಅನಿಲದ ಲೆಕ್ಕದಲ್ಲಿ ಅಕ್ಕಿಯಿಂದ 36 ಕಿಲೋ ಇಳಿದು, ರಾಗಿ ಮತ್ತು ಕಾಳಿನಿಂದ 14 ಏರಿ, ಮಟನ್‌ನಿಂದ 20 ಇಳಿಯಿತು. ತಿಂಗಳಿಗೆ 42 ಕಿಲೋ ಉಳಿತಾಯ. ಒಂದು ಸಿಲಿಂಡರ್ ಪೂರ್ತಿ ಉರಿಸಿದಷ್ಟು. ಯಾರೂ ಉಪವಾಸ ಇರಲಿಲ್ಲ, ಯಾರೂ ಹಾಲು ಬಿಡಲಿಲ್ಲ.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಡಿ. ಕಾಳು, ನಾರು ಏಕಾಏಕಿ ಏರಿದರೆ ಹೊಟ್ಟೆ ಉಬ್ಬುತ್ತದೆ, ಮನೆಯವರು ಎರಡೇ ದಿನಕ್ಕೆ ಬೇಡ ಅನ್ನುತ್ತಾರೆ. ಮೊದಲ ತಿಂಗಳು ಸಾರು ಗಟ್ಟಿ ಮಾಡಿ, ಅಷ್ಟೇ. ಎರಡನೇ ತಿಂಗಳು ರಾತ್ರಿ ಊಟ ಮುದ್ದೆಗೋ ರೊಟ್ಟಿಗೋ ತಿರುಗಲಿ. ಮೂತ್ರಪಿಂಡದ ಕಾಯಿಲೆ ಇರುವವರು ಕಾಳು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ. ರಕ್ತಹೀನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಸುಧಾರಿಸಿತು ಅಂತ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನಿಸಿ.